ಸಿಪ್ಪೆ ರಾಶಿಯ ಜೊತೆಗಾರ

ತೆಂಗಿನಕಾಯಿ ಸಿಪ್ಪೆಯನ್ನು ನಮ್ಮ ಕಡೆ ಯಾರೂ ಮನೆಯಿಂದ ದೂರ ಹಾಕುವುದಿಲ್ಲ. ಸುಲಿದದ್ದೆಲ್ಲ ಬಚ್ಚಲು ಮನೆಯ ಗೋಡೆಗೇ ಒಟ್ಟುತ್ತೇವೆ. ನೀರೊಲೆಗೆ ಬೇಕೆಂದಾಗ ಕೈಚಾಚಿದರೆ ಸಿಗಬೇಕಲ್ಲ! ಆ ರಾಶಿಗೆ ಇಲಿ ಸೇರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಗೊತ್ತಿದ್ದೂ ನಾವು ಅಲ್ಲಿಗೇ ಬರಿಗೈ ಹಾಕುತ್ತೇವೆ.

ಹುಳಿಯಾರಿನಿಂದ ಬೋರನಕಣಿವೆ ಕಡೆ ಹೋಗುವ ದಾರಿಯಲ್ಲಿ, ಹಟ್ಟಿಯಿಂದ ಅರ್ಧ ಮೈಲಿ ಆಚೆ ಕಾಳಕ್ಕನ ತೋಟದ ಮನೆ. ಗಂಡ ಚಿತ್ತಣ್ಣ ಕುರಿ ಸಾಕುವವನು. ಸುಗ್ಗಿ ಮುಗಿದು ಮೇವು ಒಣಗಿತೆಂದರೆ ಮಂದೆ ಹೊಡೆದುಕೊಂಡು ನೀರಾವರಿ ಊರುಗಳ ಕಡೆ ಹೊರಟುಬಿಡುತ್ತಾನೆ. ಮಳೆ ಬಿದ್ದ ಮೇಲೇ ವಾಪಸ್ಸು. ಮಕ್ಕಳಾಗಲಿಲ್ಲ. ತೋಟ ಕಾಯಲು ಕಾಳಕ್ಕ ಒಬ್ಬಳೇ. "ನಂದು ಅರ್ಧ ವರ್ಸದ ಸಂಸಾರ ಕಣವ್ವ" ಎಂದು ಅವಳು ನಗುತ್ತಿದ್ದಳು. ನಗುವಾಗ ಮಾತ್ರ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಹಗಲು ಹೇಗೋ ಕಳೆಯುತ್ತಿತ್ತು. ಸಂಜೆ ಕಷ್ಟ. ಎಲ್ಲೋ ಒಂದು ಕಾಯಿ ದಪ್ಪೆಂದು ಬಿದ್ದ ಸದ್ದು ಬಿಟ್ಟರೆ ತೋಟದಲ್ಲಿ ಇನ್ನೊಂದು ಸದ್ದಿಲ್ಲ. ಅಂಥ ಒಂದು ಸಂಜೆಯೇ ನಾಗರಹಾವೊಂದು ಅಂಗಳ ದಾಟಿ, ಸಿಪ್ಪೆ ರಾಶಿಯೊಳಗೆ ನಿಧಾನವಾಗಿ ನುಸುಳಿದ್ದನ್ನು ಅವಳು ಕಂಡಳು. ಮೊದಲ ದಿನ ಕೈಮುಗಿದಳು. ಮಾರನೆಯ ದಿನ ಬಂದೀತೇನೋ ಎಂದು ಕಾದಳು. ಮೂರನೆಯ ದಿನ ಮಾತಾಡಿಸಿಯೇಬಿಟ್ಟಳು.

"ಇವತ್ತು ಎಂಟು ಕಾಯಿ ಬಿದ್ದೋ ಕಣಪ್ಪ. ಎರಡನ್ನ ಇಲಿ ಕಡ್ದಿತ್ತು. ನೀನಿದ್ದು ಏನ್ ಮಾಡ್ತಿದ್ದೆ?"

ಸೋಮವಾರಕ್ಕೊಮ್ಮೆ ರಾಶಿಯ ಬುಡದಲ್ಲಿ ಒಂದು ಕೋಳಿಮೊಟ್ಟೆ ಇಡುವುದೂ ಶುರುವಾಯಿತು. ಬೆಳಗಾಗುವುದರೊಳಗೆ ಮೊಟ್ಟೆ ಮಾಯ. ಮುಂಗುಸಿ ತಿಂದಿತೋ, ಬೆಕ್ಕು ತಿಂದಿತೋ, ಕಾಳಕ್ಕನ ಪಾಲಿಗೆ ಮಾತ್ರ ಅವನೇ ತಿಂದದ್ದು.

ಹಳ್ಳದಾಚೆಯ ತೋಟದ ಮಂಜುಶ್ರೀ ಆಶಾ ಕಾರ್ಯಕರ್ತೆ. ಮನೆಮನೆ ಸುತ್ತುತ್ತಾ ಇಲ್ಲಿಗೂ ಬಂದವಳು ಆ ರಾಶಿ ನೋಡಿ ನಿಂತಳು.

"ಅಕ್ಕ, ಇದನ್ನ ಗೋಡೆ ಪಕ್ಕ ಇಡಬ್ಯಾಡ. ಆ ಹುಣಸೆ ಮರದ ತಾವ್ಕೆ ಹಾಕ್ಸಣ."

"ಅಲ್ಲಿಂದ ದಿನಾ ಯಾರ್ ಹೊತ್ಕೊಂಡು ಬತ್ತಾರೆ, ಬುಡು."

"ಹೋಗ್ಲಿ, ಕೈಗೆ ಟಾರ್ಚ್ ಹಿಡ್ಕೋ. ಕೋಲಲ್ಲಿ ಕೆದಕಿ ನೋಡಿ, ಆಮೇಲೆ ಸಿಪ್ಪೆ ತಗೋ."

"ನಮ್ಮ ನಾಗಪ್ಪ ಅವ್ನೆ ಅಲ್ಲಿ. ನಂಗೇನೂ ಮಾಡಲ್ಲ ಅವನು."

ಮಂಜುಶ್ರೀ ಜಗಲಿಯ ಮೇಲೆ ಕೂತಳು. "ಅಕ್ಕ, ಹಾವಿಗೆ ನಮ್ಮೋರು, ಬೇರೆಯೋರು ಅಂತ ಇರಲ್ಲ. ತುಳಿದ್ರೆ, ಮುಟ್ಟಿದ್ರೆ ಭಯಕ್ಕೆ ಕಚ್ತದೆ. ಅದ್ರದ್ದೂ ತಪ್ಪಲ್ಲ."

"ನೀನು ಮನೆ ತುಂಬ ಜನ ಇಟ್ಕೊಂಡು ಹೇಳ್ತೀಯ" ಎಂದಳು ಕಾಳಕ್ಕ. "ನಂಗೆ ಸಂಜೆ ಹೊತ್ತು ಮಾತಾಡಕ್ಕೆ ಅವನೊಬ್ಬ ಅವ್ನೆ. ಅವನನ್ನೂ ಓಡ್ಸು ಅಂತೀಯಾ?"

ಮಂಜುಶ್ರೀ ತನ್ನ ಚೀಲ ಎತ್ತಿಕೊಂಡು ಮುಂದಿನ ಮನೆಗೆ ಹೊರಟಳು.

ಅದಾಗಿ ಹತ್ತು ದಿನಕ್ಕೆ, ದೀಪ ಹಚ್ಚುವ ಹೊತ್ತಿನಲ್ಲಿ ಕರೆಂಟ್ ಹೋಗಿತ್ತು. ಕಾಳಕ್ಕ ನೀರೊಲೆಗೆ ಸಿಪ್ಪೆ ಬೇಕೆಂದು ರಾಶಿಗೆ ಕೈ ಹಾಕಿದಳು. ಬಲಗೈಗೆ ಏನೋ ಚುಚ್ಚಿತು. ಸಿಪ್ಪೆಯೊಳಗೆ ಸರಕ್ಕನೆ ಏನೋ ಸರಿಯಿತು. ಒಲೆಯ ಬೆಳಕಿಗೆ ಹಿಡಿದು ನೋಡಿದರೆ ಎರಡು ಚುಕ್ಕೆ ರಕ್ತ.

ಅವಳಿಗೆ ಗೊತ್ತಾಯಿತು. ಗೊತ್ತಾಗದೆ ಏನು? ಆದರೂ "ಗರಿಕಡ್ಡಿ ಚುಚ್ತು" ಎಂದು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡಳು. ಹಾವು ಎಂಬ ಮಾತು ಬಾಯಿಂದ ಹೊರಟರೆ ಹಟ್ಟಿಯ ಗಂಡಸರೆಲ್ಲ ದೊಣ್ಣೆ ಹಿಡಿದು ಬರುತ್ತಾರೆ. ರಾಶಿ ಕಿತ್ತು ಚೆಲ್ಲಿ ಅವನನ್ನು ಚಚ್ಚಿ ಹಾಕುತ್ತಾರೆ. ನಾಳೆ ಸಂಜೆ ಯಾರಿಗೆ ಏನು ಹೇಳುವುದು? ಕೈಗೆ ಅರಿಶಿನ ಮೆತ್ತಿಕೊಂಡು ಗೋಡೆಗೊರಗಿ ಕೂತಳು. ಕೈ ಊದುತ್ತಿತ್ತು.

ಅಷ್ಟರಲ್ಲಿ ಫೋನ್ ಬಂತು. ಚಿತ್ತಣ್ಣ ದಿನಾ ಆ ಹೊತ್ತಿಗೇ ಮಾಡುವುದು, ಕೇಳುವುದೂ ದಿನಾ ಒಂದೇ ಮಾತು.

"ಉಂಡೇನೇ?"

"ಉಂಡೆ."

"ಅದ್ಯಾಕೆ ನಾಲಿಗೆ ಹಂಗೆ ತೊದಲ್ತೈತೆ?"

"ನಿದ್ದೆ... ಕಣ್ಣು ತಾವೇ ಮುಚ್ಕೋತಾವೆ. ಕೈಗೆ ಗರಿಕಡ್ಡಿ ಚುಚ್ತು."

ಚಿತ್ತಣ್ಣ ಹಾವು ಕಚ್ಚಿದ ಕುರಿಗಳನ್ನು ಕಂಡವನು. "ಎಲ್ಲಿ ಚುಚ್ತು? ಸಿಪ್ಪೆ ರಾಶಿ ತಾವಾ?" ಎಂದ. ಇತ್ತ ಉತ್ತರವಿಲ್ಲ. ಫೋನ್ ಇಟ್ಟವನೇ ಮಂಜುಶ್ರೀಗೆ ಹಚ್ಚಿದ.

ಮಂಜುಶ್ರೀ ಬರುವ ದಾರಿಯಲ್ಲೇ 108ಕ್ಕೆ ಫೋನ್ ಮಾಡಿದ್ದಳು. ಅವಳ ಗಂಡ ಈರೇಶ್ ಹಗ್ಗ, ದೊಣ್ಣೆ ಎರಡನ್ನೂ ತಂದಿದ್ದ.

"ಮೊದ್ಲು ರಟ್ಟೆಗೆ ಬಿಗಿಯಾಗಿ ಕಟ್ಟಣ ಕಣೇ. ಹಾವನ್ನೂ ಹೊಡ್ಕೊಂಡೇ ಹೋಗಣ. ಯಾವ ಹಾವು ಅಂತ ಡಾಕ್ಟ್ರು ಕೇಳ್ತಾರೆ."

"ಹಗ್ಗ ಬಿಸಾಕ್ರೀ. ಬಿಗಿದ್ರೆ ಕೈಯೇ ಹೋಯ್ತದೆ. ಕುಯ್ಯೋದು, ಹೀರೋದು, ಸೊಪ್ಪಿನ ರಸ, ಮಂತ್ರ ಯಾವ್ದೂ ಬ್ಯಾಡ. ಹಾವೂ ಬ್ಯಾಡ. ಡಾಕ್ಟ್ರು ಇವಳನ್ನ ನೋಡೇ ಇಂಜೆಕ್ಷನ್ ಕೊಡ್ತಾರೆ."

ಮುಚ್ಚಿಹೋಗುತ್ತಿದ್ದ ರೆಪ್ಪೆಯನ್ನು ಕಾಳಕ್ಕ ಕಷ್ಟಪಟ್ಟು ಎತ್ತಿದಳು.

"ಅವನನ್ನ ಹೊಡ್ಯಲ್ವಾ?"

"ಇಲ್ಲ ಕಣಕ್ಕ. ಯಾರೂ ಮುಟ್ಟಲ್ಲ."

"ಹಂಗಾರೆ... ಅವನೇ ಕಚ್ಚಿದ್ದು. ದೀಪ ಹಚ್ಚೋ ಹೊತ್ತಲ್ಲಿ."

ಮಂಜುಶ್ರೀಗೆ ಅಳು ಬಂತು. ಒಂದು ಹಾವನ್ನು ಉಳಿಸಲು ಈ ಹೆಂಗಸು ತನ್ನ ಜೀವ ಬಿಡಲು ಕೂತಿದ್ದಳಲ್ಲ! ಅಳುತ್ತಲೇ ಊದಿದ ಕೈಯಿಂದ ಬಳೆ ತೆಗೆಯಲು ಹೋದಳು. ಕಾಳಕ್ಕ ಕೈ ಎಳೆದುಕೊಂಡಳು. ಗಂಡ ದೂರದ ಊರಲ್ಲಿರುವಾಗ ಬಳೆ ತೆಗೆಯುವುದೇ? ಮಂಜುಶ್ರೀ ಫೋನ್ ಹಚ್ಚಿ ಅವಳ ಕಿವಿಗೆ ಹಿಡಿದಳು.

"ತೆಗೆಸ್ಕೊಳ್ಳೇ!" ಎಂದು ಅತ್ತಲಿಂದ ಚಿತ್ತಣ್ಣ ಕೂಗಿದ. "ನಾನು ಗಟ್ಟಿಮುಟ್ಟಾಗಿ ಇದ್ದೀನಿ ಕಣೇ. ಈಗ್ಲೇ ಹೊರಟು ಬತ್ತೀನಿ. ನೀನು ಬದುಕಿದ್ರೆ ಎರಡು ಡಜನ್ ತೊಡಿಸ್ತೀನಿ."

ಬಳೆ ತೆಗೆದರು. ಕೈ ಅಲುಗದಂತೆ ಒಂದು ಹಲಗೆಗೆ ಟವೆಲ್ಲಿನಿಂದ ಸಡಿಲವಾಗಿ ಕಟ್ಟಿದರು. ನಡೆಸಲಿಲ್ಲ, ಮಂಚದ ಮೇಲೆ ಮಲಗಿಸಿ ರಸ್ತೆಗೆ ಹೊತ್ತರು. ಆಂಬುಲೆನ್ಸ್ ಅಲ್ಲಿಗೆ ಬಂದಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ವಿಷ ಇಳಿಸುವ ಇಂಜೆಕ್ಷನ್ ಕೊಟ್ಟರು. "ಇನ್ನೊಂದು ಗಂಟೆ ತಡ ಆಗಿದ್ರೆ ಉಸಿರೇ ನಿಲ್ತಿತ್ತು" ಎಂದರು ಡಾಕ್ಟರು.

ಬೆಳಗ್ಗೆ ಕಾಳಕ್ಕ ಕಣ್ಣು ಬಿಟ್ಟಾಗ ಕಂಬಳಿ ಹೊದ್ದ ಚಿತ್ತಣ್ಣ ಪಕ್ಕದಲ್ಲಿ ಕೂತಿದ್ದ. ಮಂದೆಯನ್ನು ಜೊತೆಯವರಿಗೆ ಒಪ್ಪಿಸಿ ಬಂದಿದ್ದ.

"ಹಾವಿನ್ ತಾವ ಮಾತಾಡ್ತಿದ್ದೆಯಂತೆ?"

"ಮತ್ತೇನ್ ಮಾಡ್ಲಿ? ನೀನು ಉಂಡೆಯಾ ಅಂತ ಕೇಳಿ ಇಟ್ಬುಡ್ತಿದ್ದೆ. ಇವತ್ತು ಎಷ್ಟು ಕಾಯಿ ಬಿದ್ದೋ ಅಂತ ಯಾವತ್ತಾದ್ರೂ ಕೇಳಿದ್ದೆಯಾ?"

ಚಿತ್ತಣ್ಣ ಅವಳ ಬರಿಗೈಯನ್ನು ಸವರಿದ.

ಮನೆಗೆ ಬಂದ ಮೇಲೆ ಹಗಲು ಬೆಳಕಿನಲ್ಲೇ ರಾಶಿ ತೆಗೆಸಿದರು. ಈರೇಶ್ ಮೊದಲು ಕೋಲಿನಿಂದ ನೆಲ ಬಡಿದ, ಉದ್ದ ಹಿಡಿಯ ಕೊಕ್ಕೆಯಿಂದ ಸಿಪ್ಪೆ ಎಳೆದ. ಹಾವು ಸಿಕ್ಕರೆ ಹಿಡಿದು ಕಾಡಿಗೆ ಬಿಡುವವರನ್ನು ಕರೆಯಬೇಕೆಂದು ನಂಬರ್ ಇಟ್ಟುಕೊಂಡಿದ್ದರು. ಬೇಕಾಗಲಿಲ್ಲ. ಒಂದು ಹಳೆಯ ಪೊರೆ ಸಿಕ್ಕಿತು, ಅಷ್ಟೇ. ಅವನು ಎಲ್ಲಿಗೋ ಹೋಗಿದ್ದ.

ವಾರ ಕಳೆದು ಚಿತ್ತಣ್ಣ ಮಂದೆಗೆ ಮರಳಿದ. ಆ ಸಂಜೆ ಕಾಳಕ್ಕ ಬೋಳು ಗೋಡೆಯನ್ನೇ ನೋಡುತ್ತಾ ಕೂತಳು. ಮತ್ತೆ ಒಬ್ಬಳೇ. ದೂರದಲ್ಲಿ ಒಂದು ಕಾಯಿ ಬಿತ್ತು. ಅಷ್ಟರಲ್ಲಿ ಹಳ್ಳದಾಚೆಯಿಂದ ಕೂಗು ಬಂತು.

"ಕಾಳಕ್ಕೋ..."

ದೀಪ ಹಚ್ಚುವ ಹೊತ್ತಿಗೆ ದಿನಾ ಒಂದು ಕೂಗು, ಉತ್ತರ ಬರದಿದ್ದರೆ ಹಳ್ಳ ದಾಟಿ ಬರುವುದು ಎಂದು ಮಂಜುಶ್ರೀ ಹೇಳಿ ಹೋಗಿದ್ದಳು. ಕಾಳಕ್ಕ ನಂಬಿರಲಿಲ್ಲ. ಎದ್ದು ಅಂಗಳದ ತುದಿಗೆ ನಡೆದಳು.

"ಓ... ಇದ್ದೀನಿ ಕಣವ್ವೋ! ಇವತ್ತು ಹನ್ನೊಂದು ಕಾಯಿ ಬಿದ್ದೋ!"

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಸಿಪ್ಪೆ ರಾಶಿಯನ್ನು ನಾಳೆಯೇ ಗೋಡೆಯಿಂದ ದೂರ ಮಾಡಿ. ಟಾರ್ಚ್ ಇಲ್ಲದೆ ಕತ್ತಲಿಗೆ ಕೈ ಹಾಕಬೇಡಿ. ಹಾವು ಕಚ್ಚಿದರೆ ಕಟ್ಟಬೇಡಿ, ಕುಯ್ಯಬೇಡಿ, ಮುಚ್ಚಿಡಬೇಡಿ, 108ಕ್ಕೆ ಫೋನ್ ಮಾಡಿ ನೇರ ಆಸ್ಪತ್ರೆಗೆ ಹೋಗಿ. ಹಾವನ್ನು ಅದರ ಪಾಡಿಗೆ ಬಿಡಿ.

ನಿಮ್ಮೂರಿನಾಚೆಯೂ ಒಬ್ಬರೇ ಇರುವ ತೋಟದ ಮನೆ ಒಂದಿರುತ್ತದೆ. ಇವತ್ತು ಸಂಜೆ ಅತ್ತ ಒಂದು ಕೂಗು ಹಾಕಿ. ಉತ್ತರ ಬರದಿದ್ದರೆ ಹೋಗಿ ನೋಡಿ.