ಆಶಪ್ಪನ ಕಂಬಳಿ

"ಯವ್ವಾ, ಕುಣಿ ಬಿಟ್ಟು ಆಕಡಿ ಸರೀರಿ. ಕಲ್ಲು ಇಳಸಬೇಕು," ಎಂದು ಕಲ್ಲುಕೆಲಸದ ಉರುಕುಂದಪ್ಪ ಮತ್ತೆ ಹೇಳಿದ.

ಕುರುಮಮ್ಮ ಸರಿಯಲಿಲ್ಲ. ಮಗನ ಕರಿ ಕಂಬಳಿಯನ್ನು ಕಂಕುಳಲ್ಲಿ ಅವಚಿಕೊಂಡು ಕುಣಿಯ ಸುತ್ತ ತಿರುಗಿದಳು, ಕೂತಳು, ಎದ್ದಳು. ಬೆಳಗಿನಿಂದ ಇದೇ ಆಗಿತ್ತು. ಒಂದು ಕಡೆ ನಿಂತರೆ ಜೀವವೇ ನಿಲ್ಲದಂಥ ಚಡಪಡಿಕೆ. ಮಕ್ತಲ್ ಸ್ಮಶಾನದ ಹುಣಸೆ ಮರದ ಕೆಳಗೆ ಸೊಸೆ ಬುಗ್ಗಮ್ಮ ಸೆರಗು ಹೊದ್ದು ನಿಂತಿದ್ದಳು.

ನಿಜಾಮರ ರಾಜ್ಯವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆ್ಯಕ್ಷನ್ನಿನಲ್ಲಿ ಯೂನಿಯನ್ ಫೌಜಿನ ಮೂವರು ಊರ ಹೊರಗೆ ಗುಂಡು ತಿಂದು ಸತ್ತಿದ್ದರು. ಜೊತೆಯವರು ಅವಸರದಲ್ಲಿ ಅವರನ್ನು ಇಲ್ಲೇ ಮಣ್ಣು ಮಾಡಿ ಮುಂದೆ ಹೋಗಿದ್ದರು. ಎರಡು ವರ್ಷಕ್ಕೆ ಊರಿಗೆ ನೆನಪಾಗಿ, ಈಗ ಅವರ ತಲೆದೆಸೆಯಲ್ಲಿ ಒಂದು ಕಲ್ಲು ನಿಲ್ಲಿಸುತ್ತಿದ್ದರು. ಮಧ್ಯಾಹ್ನ ತಹಸೀಲ್ದಾರ್ ಸಾಹೇಬರು ಬಂದು ಹಾರ ಹಾಕುವವರಿದ್ದರು.

ಕುರುಮಮ್ಮನ ಮಗ ಆಶಪ್ಪನೂ ಫೌಜಿನವನೇ, ಆದರೆ ನಿಜಾಮರ ಫೌಜು. ನಳದುರ್ಗದ ಕಡೆ ಯೂನಿಯನ್ನಿನವರ ಗುಂಡಿಗೆ ಸತ್ತನೆಂದು ಜೊತೆಗಾರನೊಬ್ಬ ಬಂದು ಹೇಳಿದ್ದ. ಹೆಣ ಬರಲಿಲ್ಲ. ಹೆಣ ಸಿಗದಿದ್ದರೆ ಅವನು ಹೊದ್ದ ಕಂಬಳಿಯನ್ನೇ ಮಣ್ಣು ಮಾಡುವುದು ಅವರ ಕುಲದ ಪದ್ಧತಿ. ಅದಾಗುವ ತನಕ ಹೆಂಡತಿ ಅತ್ತ ಮುತ್ತೈದೆಯೂ ಅಲ್ಲ, ಇತ್ತ ವಿಧವೆಯೂ ಅಲ್ಲ; ಉಡಿಕಿ ಮಾಡಿಕೊಂಡು ಇನ್ನೊಬ್ಬನ ಮನೆಗೆ ಹೋಗುವಂತಿಲ್ಲ. ಉಟ್ಕೂರಿನ ಎಲ್ಲಪ್ಪ ಬುಗ್ಗಮ್ಮನನ್ನು ಕೇಳಿ ವರ್ಷವಾಗಿತ್ತು. ಈ ಅಮಾವಾಸ್ಯೆ ದಾಟಿದರೆ ಬೇರೆ ಕಡೆ ನೋಡುತ್ತೇನೆಂದು ಹೇಳಿಕಳಿಸಿದ್ದ. ಅಮಾವಾಸ್ಯೆ ಇವತ್ತೇ.

ಗುಂಡಿಗೆ ಸತ್ತವನ ಕಂಬಳಿ ಗುಂಡಿಗೆ ಸತ್ತವರ ಮಗ್ಗುಲಲ್ಲೇ ಮಲಗಬೇಕೆಂದು ಮಾಗನೂರಿನ ಕುಲದ ಹಿರಿಯರು ಹೇಳಿಬಿಟ್ಟಿದ್ದರು. ಯಾವ ಫೌಜು ಎಂದು ಪುಣ್ಯಾತ್ಮರು ಕೇಳಲೇ ಇಲ್ಲ. ಕುರಿ ಕಾಯುವವರಿಗೆ ಫೌಜೆಂದರೆ ಫೌಜು. ಸುತ್ತಮುತ್ತ ಅಂಥ ಮಣ್ಣು ಇದ್ದದ್ದು ಇದೊಂದೇ.

ಕಲ್ಲಿನ ಉಸ್ತುವಾರಿ ಶಂಕರಯ್ಯನದು. ಗಂಜಿ ಹಾಕಿದ ಬಿಳಿ ಅಂಗಿ ತೊಟ್ಟು ದಾಪುಗಾಲಿಟ್ಟು ಬಂದ. "ಏನ ನಡದೈತಿ ಇಲ್ಲಿ?"

"ನನ್ನ ಮಗನ ಕಂಬಳಿ ರೀ. ತಳದಾಗ ಇಡ್ತೀನಿ, ಯಾರ ಕಣ್ಣಿಗೂ ಬೀಳಂಗಿಲ್ಲ," ಎಂದಳು ಕುರುಮಮ್ಮ.

"ಇವರನ್ನ ಕೊಂದ ಫೌಜಿನವನ ಕಂಬಳಿ ಇವರ ತಲಿಗೇ ಇಡ್ತೀಯೇನು? ನಾಚಿಕಿ ಬರಂಗಿಲ್ಲ?"

"ಬರ್ತೈತಿ ರೀ. ಏನ ಮಾಡ್ಲಿ? ಹೊಟ್ಟಿಪಾಡಿಗೆ ಹೋದ ನನ್ನ ಕೂಸು. ಈ ಹುಡುಗಿ ಜಲ್ಮ ನನ್ನ ಬಗಲಾಗ ಸಿಕ್ಕೊಂಡೈತಿ, ಬಿಡಿಸಿ ಕೊಡ್ರೀ."

"ನನ್ನ ಮುಂದ ಅದನ್ನೆಲ್ಲಾ ಹೇಳಬ್ಯಾಡ! ನನ್ನ ತಮ್ಮನ್ನ ನಿಜಾಮನ ರಜಾಕಾರರು ಕಡದು ಹೊಳಿಗೆ ಒಗದ್ರು. ಆಗ ನಿನ್ನ ಮಗನ ಫೌಜು ಕಣ್ಣು ಮುಚ್ಕೊಂಡು ಕುಂತಿತ್ತು."

"ನಿಮ್ಮ ತಮ್ಮ ವೆಂಕಟಯ್ಯ ನನಗ ಗೊತ್ತಿಲ್ಲೇನ್ರಿ? ನಮ್ಮ ಹಟ್ಟಿಗೆ ಬಂದು ಹಾಲು ಕುಡದು ಹೋಗ್ತಿದ್ದ," ಎಂದಳು ಕುರುಮಮ್ಮ. "ಹೊಳಿ ಅವನ್ನ ತಿರುಗಿ ಕೊಡಲಿಲ್ಲಲ್ರಿ. ನೀವೇನ ಮಣ್ಣ ಮಾಡಿದ್ರಿ?"

ಶಂಕರಯ್ಯ ಆಕಡೆ ಈಕಡೆ ನೋಡಿದ. "ಏನೂ ಮಾಡಿಲ್ಲ," ಎಂದ. "ಅವ ಬರ್ತಾನಂತ ನಮ್ಮವ್ವ ಇವತ್ತಿಗೂ ಬಾಗಿಲು ಹಾಕಾಕ ಬಿಡಂಗಿಲ್ಲ."

ಮತ್ತೆ ಉರುಕುಂದಪ್ಪನ ಕಡೆ ತಿರುಗಿ, "ಒಂದು ಬೀಡಿ ಸೇದಿ ಬಾ, ಹೋಗು," ಎಂದು ಗದರಿ, ತಾನೂ ಕುಣಿಗೆ ಬೆನ್ನು ಮಾಡಿ ನಿಂತ.

ಆಯಿತಲ್ಲ, ಒಪ್ಪಿದ. ಆದರೆ ಕುರುಮಮ್ಮನ ಕೈ ಬಿಚ್ಚಲೊಲ್ಲವು. ವರ್ಷಗಟ್ಟಲೆ ಊರೂರು ತಿರುಗಿ ಹಿರಿಯರ ಕಾಲು ಹಿಡಿದವಳು, ಈಗ ಕಂಬಳಿಯನ್ನು ಎದೆಗೊತ್ತಿಕೊಂಡು ಹಿಂದೆ ಸರಿದಳು. ಬುಗ್ಗಮ್ಮ ಓಡಿಬಂದು ಭುಜ ಹಿಡಿದಳು.

"ಇದನ್ನ ಇಟ್ರ ಅವ ಖರೇನ ಸತ್ತಂಗ ಆಗ್ತೈತಲ್ಲೇ, ಬುಗ್ಗೀ!"

"ಬ್ಯಾಡಾದ್ರ ಮನಿಗೆ ಹೋಗೂಣು ನಡಿ, ಅತ್ತಿ. ನಾ ಎಲ್ಲೂ ಹೋಗಂಗಿಲ್ಲ."

ಅಷ್ಟು ಮೆತ್ತಗೆ ಅಂದಳು ಹುಡುಗಿ. ಕುರುಮಮ್ಮ ಅವಳ ಮುಖ ನೋಡಿದಳು. ಇನ್ನೂ ಇಪ್ಪತ್ತು ತುಂಬದ ಮುಖ. ಕುಣಿಗಿಳಿದು, ಕಂಬಳಿ ಝಾಡಿಸಿ ಮಡಚಿ ಇಟ್ಟು, ಬೊಗಸೆ ಬೊಗಸೆ ಮಣ್ಣೆಳೆದಳು. ಕಣ್ಣೀರು ಮೂಗಿಗಿಳಿದರೂ ಒರೆಸಿಕೊಳ್ಳಲಿಲ್ಲ.

ಆಳುಗಳು ಬಂದು ಹಗ್ಗ ಹಾಕಿ ಕಲ್ಲು ಇಳಿಸಿದರು. ಅದು ನಿಲ್ಲಲಿಲ್ಲ, ಒಂದು ಮಗ್ಗುಲಿಗೆ ವಾಲಿತು.

"ತಳ ಮೆತ್ತಗೈತ್ರಿ," ಎಂದ ಉರುಕುಂದಪ್ಪ, ಯಾರ ಮುಖವನ್ನೂ ನೋಡದೆ. "ಗಟ್ಟಿಯಾಗೋ ತನಕ ಯಾರರ ಆನಿಸಿ ಹಿಡೀಬೇಕು."

ಶಂಕರಯ್ಯ ಹೆಗಲು ಕೊಟ್ಟ. ಉರುಕುಂದಪ್ಪ ಜಲ್ಲಿ ಸುರಿದು ಹಾರೆಯಿಂದ ಜಡಿಯತೊಡಗಿದ. ಕುರುಮಮ್ಮ ಸೆರಗಿನಲ್ಲಿ ಜಲ್ಲಿ ತುಂಬಿ ತುಂಬಿ ತಂದಳು.

"ನೀ ಯಾಕ ನಿಂತಿ? ನಡಿ," ಎಂದಳು ಬುಗ್ಗಮ್ಮನಿಗೆ. "ಉಟ್ಕೂರಿಗೆ ಹೇಳಿಕಳಸು. ಹೊತ್ತು ಮುಳುಗೂದ್ರಾಗ ಸುದ್ದಿ ಮುಟ್ಟಬೇಕು."

ದೂರದಲ್ಲಿ ಜೀಪಿನ ಸದ್ದು ಕೇಳಿಸಿತು.

"ಇನ್ನ ಬಿಡ್ರಿ, ಶಂಕರಯ್ಯನೋರೆ. ಕಲ್ಲು ನಿಂತೈತಿ," ಎಂದ ಉರುಕುಂದಪ್ಪ.

ಅಂಗಿಯ ತೋಳೆಲ್ಲ ಕೆಂಪು ಮಣ್ಣಾಗಿತ್ತು. ಶಂಕರಯ್ಯ ಕೆನ್ನೆಯನ್ನು ಕಲ್ಲಿಗೆ ಆನಿಸಿ ಹಾಗೇ ಹಿಡಿದುಕೊಂಡಿದ್ದ.