ಭಾವನ ಮಧ್ಯಾಹ್ನದ ನಿದ್ದೆ

ನಮ್ಮ ಭಾವ ಕಟ್ಟಿಸಿದ ಆಸ್ಪತ್ರೆಯ ಒಂದೊಂದು ಕಂಬವೂ ಇಬ್ಬರು ಕೈ ಜೋಡಿಸಿದರೂ ತಬ್ಬಲಾಗದಷ್ಟು ದಪ್ಪ. ಭೂಮಿ ನಡುಗಿದರೂ ಇವು ಜಗ್ಗುವುದಿಲ್ಲ ಎಂದು ಬಂದವರಿಗೆಲ್ಲ ಅವನ್ನು ತಟ್ಟಿ ತೋರಿಸುತ್ತಿದ್ದರು, ಸಂತೆಯಲ್ಲಿ ಎತ್ತಿನ ಬೆನ್ನು ತಟ್ಟುವ ದಲ್ಲಾಳಿಯ ಹಾಗೆ.

ನನ್ನ ಉದ್ಯೋಗ ಕಂಬದ್ದಲ್ಲ. ಕಂಬ ನಿಂತರೂ ಒಳಗಿನದು ಬೀಳುತ್ತದಲ್ಲ, ಚಾವಣಿಯ ಹಲಗೆ, ಕಪಾಟು, ಪೈಪು, ಯಂತ್ರ, ಅವು ಬೀಳದಂತೆ ಹಿಡಿದಿಡುವುದು. ಅದಕ್ಕೆಂದೇ ವರ್ಷಗಟ್ಟಲೆ ಓದಿದವಳು ನಾನು. ಹೆಂಡತಿಯ ತಂಗಿ ಎಂಬ ದಾಕ್ಷಿಣ್ಯಕ್ಕೆ ಕೆಲಸ ಕೊಟ್ಟ ಭಾವ ನನ್ನನ್ನು ನೆಂಟರ ಮುಂದೆ ‘ಮೊಳೆ ಇಂಜಿನಿಯರ್’ ಎಂದು ಕರೆದು ನಗುತ್ತಿದ್ದರು. ಅಕ್ಕನೂ ನಗುತ್ತಿದ್ದಳು. ಅವಳದು ಬಿಡಿ, ಗಂಡ ಕೆಮ್ಮಿದರೂ ಚಪ್ಪಾಳೆ ತಟ್ಟುವವಳು.

ನೆಲಮಾಳಿಗೆಯ ಜನರೇಟರನ್ನು, ಅದರ ನಡುಕ ಕಟ್ಟಡಕ್ಕೆ ತಾಗದಿರಲೆಂದು, ಸ್ಪ್ರಿಂಗುಗಳ ಮೇಲೆ ಕೂರಿಸಿದ್ದೆವು. ಹಾಗೆ ಕೂತದ್ದು ಭೂಕಂಪದಲ್ಲಿ ಕುಣಿದು ಕೆಳಗೆ ಹಾರುತ್ತದೆ. ಹಾರದಿರಲೆಂದು ನಾಲ್ಕೂ ಮಗ್ಗುಲಿಗೆ ಉಕ್ಕಿನ ತಡೆ ಹಾಕಿಸಿದ್ದೆ. ಕರೆಂಟು ಹೋಗಿ ಜನರೇಟರ್ ಶುರುವಾಗುವಾಗ ಒಂದಿಷ್ಟು ಹೊಯ್ದಾಡಿ ಆ ತಡೆಗಳಿಗೆ ಟಕ್ ಟಕ್ ಎಂದು ಬಡಿಯುತ್ತಿತ್ತು. ಅದರ ಮೇಲೆಯೇ ಭಾವನ ಖಾಸಗಿ ಕೋಣೆ. ಊಟವಾದ ಮೇಲೆ ಅವರು ಅಲ್ಲಿನ ಸೋಫಾದಲ್ಲಿ ಬಾಯಿ ಕಳೆದುಕೊಂಡು ಮಲಗುತ್ತಿದ್ದರು.

“ಆ ಕಬ್ಬಿಣ ತೆಗೆಸು. ನಿದ್ದೆ ಹಾಳಾಗ್ತಿದೆ,” ಎಂದರು.

“ನಡುವೆ ರಬ್ಬರ್ ಹಾಕಿಸ್ತೀನಿ ಭಾವ, ಸದ್ದು ಬರಲ್ಲ. ಒಂದು ವಾರ ತಡ್ಕೊಳ್ಳಿ.”

“ನಿನ್ನ ಮೊಳೆಗೋಸ್ಕರ ನಾನು ವಾರ ನಿದ್ದೆಗೆಡಬೇಕಾ?”

ನಾನು ರಬ್ಬರ್ ತರುವಷ್ಟರಲ್ಲಿ ವೆಲ್ಡರನನ್ನು ಕರೆಸಿ ನಾಲ್ಕನ್ನೂ ಕತ್ತರಿಸಿ ಹಾಕಿಸಿದ್ದರು. ಹೋಗಿ ಜಗಳವಾಡಿದೆ. “ಕಟ್ಟಡ ಬಿದ್ರೆ ತಾನೇ ಹೆದರಿಕೆ?” ಎಂದು ಸೋಫಾದಲ್ಲೇ ಮಗ್ಗುಲು ಬದಲಿಸಿದರು. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಕೇಳುತ್ತಿತ್ತು.

ಮರುತಿಂಗಳು ಅಪ್ಪನಿಗೆ ನ್ಯುಮೋನಿಯಾ. ಬೇರೆ ಆಸ್ಪತ್ರೆಗೆ ಒಯ್ಯೋಣವೆಂದೆ. “ಅಳಿಯನ ಆಸ್ಪತ್ರೆ ಬಿಟ್ಟು ಬೇರೆ ಕಡೆ ಸೇರಿಸಿದ್ರೆ ಜನ ಏನಂತಾರೆ?” ಎಂದಳು ಅಕ್ಕ. ಅಪ್ಪನ ಉಸಿರಿಗಿಂತ ಅವಳಿಗೆ ಜನರ ಮಾತು ದೊಡ್ಡದಾಯಿತು. ಅಪ್ಪನನ್ನು ಎರಡನೇ ಮಹಡಿಯಲ್ಲಿ ಉಸಿರಾಟದ ಯಂತ್ರಕ್ಕೆ ಹಾಕಿದರು.

ಮೂರನೇ ಮಧ್ಯಾಹ್ನ ಭೂಮಿ ನಡುಗಿತು. ಕಂಬಗಳು ಕದಲಲಿಲ್ಲ. ಊರಿನ ಕರೆಂಟು ಹೋಯಿತು. ಕೆಳಗೋಡಿ ನೋಡಿದೆ: ಜನರೇಟರ್ ಸ್ಪ್ರಿಂಗಿನಿಂದ ಹಾರಿ ಮಗುಚಿಕೊಂಡು, ಡೀಸೆಲ್ ಪೈಪು ಹರಿದು, ನೆಲವೆಲ್ಲ ಎಣ್ಣೆ.

ಮೇಲೆ ಬರುವ ಹೊತ್ತಿಗೆ ಅಪ್ಪನ ಯಂತ್ರದ ಬ್ಯಾಟರಿ ಸಾಯುತ್ತಿತ್ತು. ನರ್ಸು ಯಂತ್ರದಿಂದ ಕೊಳವೆ ಬಿಡಿಸಿ ಅದಕ್ಕೊಂದು ರಬ್ಬರ್ ಚೀಲ ಸಿಕ್ಕಿಸಿ ನನ್ನ ಕೈಗಿತ್ತಳು.

“ಒತ್ತಿ, ಬಿಡಿ. ಒತ್ತಿ, ಬಿಡಿ. ನಿಲ್ಲಿಸಿದ್ರೆ ಉಸಿರು ನಿಲ್ಲತ್ತೆ,” ಎಂದವಳೇ ಪಕ್ಕದ ಹಾಸಿಗೆಗೆ ಓಡಿದಳು. ಒಂದೊಂದು ಹಾಸಿಗೆಯ ಬಳಿಯೂ ಯಾರದೋ ಮಗ, ಯಾರದೋ ಹೆಂಡತಿ ಚೀಲ ಒತ್ತುತ್ತಿದ್ದರು.

ಕಿಟಕಿಯ ಕೆಳಗೆ, ಅಂಗಳದಲ್ಲಿ, ಭಾವ ಪತ್ರಿಕೆಯವರ ಮುಂದೆ ಕಂಬ ತಟ್ಟುತ್ತಿದ್ದರು. “ನೋಡ್ಕೊಳ್ಳಿ, ಒಂದು ಬಿರುಕೂ ಇಲ್ಲ!” ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ನಾನೂ ಅಕ್ಕನೂ ಸರದಿಯ ಮೇಲೆ ಒತ್ತಿದೆವು. ಬೆರಳು ಮರಗಟ್ಟಿದವು. ಕೊನೆಗೆ ಅಕ್ಕ ಕಿಟಕಿಗೆ ಹೋಗಿ, “ರೀ, ಮೇಲೆ ಬನ್ನಿ!” ಎಂದು ಕೂಗಿದಳು. ಬಂದರು, ಕೋಟಿನ ಮೇಲೆಲ್ಲ ಚಾವಣಿಯ ಸುಣ್ಣ. ಚೀಲವನ್ನು ಅವರ ಕೈಗಿಟ್ಟೆ.

“ಎಷ್ಟು ಹೊತ್ತು?” ಎಂದರು, ಒತ್ತುತ್ತಲೇ.

“ಬೇರೆ ಊರಿಂದ ಜನರೇಟರ್ ಬರೋವರೆಗೆ.”

“ನಮ್ಮದು?”

“ಕೆಳಗೆ ಮಲಗಿದೆ.”

ಅವರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅಭ್ಯಾಸಬಲ, ಕೈ ಅತ್ತ ಹೋಯಿತು. ಅಪ್ಪನ ಎದೆ ಏಳಲಿಲ್ಲ.

“ಕೈ ಬಿಟ್ರೆ ನೋಡಿ!” ಅಕ್ಕ ಕಿರುಚಿದಳು. ಹದಿನೆಂಟು ವರ್ಷದ ಸಂಸಾರದಲ್ಲಿ ಅವಳು ಗಂಡನ ಮೇಲೆ ದನಿ ಏರಿಸಿದ್ದು ಅದೇ ಮೊದಲು. ಭಾವ ಬೆಚ್ಚಿ ಚೀಲಕ್ಕೆ ಎರಡೂ ಕೈ ಹಾಕಿದರು. ಅಪ್ಪನ ಎದೆ ಎದ್ದಿತು. ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈಯಿರಲಿಲ್ಲ. ನನಗೆ ಕನಿಕರ ಬರಬೇಕಿತ್ತೇನೋ, ಬರಲಿಲ್ಲ.

“ಈಗ ಟಕ್ ಅನ್ನೋ ಸದ್ದೂ ಇಲ್ಲ ನೋಡಿ, ಭಾವ,” ಎಂದೆ. “ನಿದ್ದೆ ಬರ್ತಿದ್ರೆ ಹೇಳಿ.”

ಅವರು ತಲೆಯೆತ್ತದೆ ಚೀಲ ಒತ್ತಿದರು.