ಬೆಳ್ಳಕ್ಕಿ ಮಾಸದ ಇಪ್ಪತ್ತು

ಚಂಪಕ ನಂಜನಗೂಡಿನ ಹೈಸ್ಕೂಲೊಂದರಲ್ಲಿ ಗಣಿತದ ಟೀಚರ್. ಒಂಟಿ ಹೆಂಗಸು. ಭಾನುವಾರ ಮಧ್ಯಾಹ್ನ ಮಾತ್ರ ಅವಳ ಮನೆಯಲ್ಲಿ ಗದ್ದಲವಿರುತ್ತಿತ್ತು. ಹಳೆಯ ವಿದ್ಯಾರ್ಥಿಗಳಾದ ರಮ್ಯ, ಅಮೃತೇಶ್, ಶಿವರಾಜು ಚಾಪೆಯ ಮೇಲೆ ಕೂತು ದಾಳ ಉರುಳಿಸುತ್ತ, ಬಿದ್ದ ಅಂಕಿಗೆ ತಕ್ಕಂತೆ ಅವಳು ಹೇಳುವ ಕಥೆಯೊಳಗೆ, ಅವಳೇ ಕಟ್ಟಿದ ಕಲ್ಪನೆಯ ನಾಡಿನಲ್ಲಿ ವೈದ್ಯೆ, ಬಿಲ್ಲುಗಾರ, ಅಂಬಿಗರಾಗಿ ಸಾಹಸಕ್ಕೆ ಹೊರಡುತ್ತಿದ್ದರು.

ಚಂಪಕಳ ತಂದೆ ಪಂಚಾಂಗ ಗುಣಿಸುತ್ತಿದ್ದವರು. ಅವಳು ಆ ನಾಡಿಗೂ ಹದಿಮೂರು ತಿಂಗಳ ಪಂಚಾಂಗ ಬರೆದಿಟ್ಟಿದ್ದಳು. ಇಲ್ಲಿ ಒಂದು ವಾರವಾದರೆ ಅಲ್ಲಿ ಹತ್ತು ದಿನ. ಆಡುವವರು ಬರಲಿ ಬಿಡಲಿ, ದಿನ ಮಾತ್ರ ನಿಲ್ಲದು. ಆಟಕ್ಕೆ ಕಾವು ಬರುತ್ತಿದ್ದುದೇ ಅದರಿಂದ. ದಾರಿಯಲ್ಲಿ ಸಂತೆ ನೋಡುತ್ತ ನಿಂತರೆ ಮಳೆ ಹಿಡಿದು ಹೊಳೆ ದಾಟಲಾಗುತ್ತಿರಲಿಲ್ಲ. ಮದ್ದು ತರುವುದು ತಡವಾದರೆ ರೋಗಿ ಉಳಿಯುತ್ತಿರಲಿಲ್ಲ.

ಕೊನೆಯ ಸಾಹಸ ಕಡೆಗೋಟೆಯದು. ಶತ್ರುಗಳು ಮುತ್ತಿದ್ದರು. ಕೋಟೆಯೊಳಗಿನ ಅಕ್ಕಿ ಆ ಪಂಚಾಂಗದ ಬೆಳ್ಳಕ್ಕಿ ಮಾಸದ ಇಪ್ಪತ್ತರವರೆಗೆ ಮಾತ್ರ. ಅಷ್ಟರೊಳಗೆ ಮೂವರೂ ದೋಣಿಯಲ್ಲಿ ದವಸ ಮುಟ್ಟಿಸಬೇಕಿತ್ತು. ದೋಣಿ ಅರ್ಧ ದಾರಿಯಲ್ಲಿದ್ದಾಗ ರಮ್ಯಳಿಗೆ ತಿರುಮಕೂಡಲಿನ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿತು. ಅಮೃತೇಶ್ ತಾಂಡವಪುರದಲ್ಲಿ ಅಂಗಡಿ ಹಾಕಿದ. ಶಿವರಾಜು ಒಬ್ಬನೇ ಎರಡು ವಾರ ಬಂದ, ಆಮೇಲೆ ಅವನೂ ಬರಲಿಲ್ಲ.

ಚಂಪಕ ಒಬ್ಬಳೇ ಚಾಪೆ ಹಾಸಿಕೊಂಡು ದಿನಗಳನ್ನು ಮುಂದೂಡಿದಳು. ಇಪ್ಪತ್ತನೆಯ ದಿನ ತಾನೇ ದಾಳ ಹಾಕಿದಳು. ಕೋಟೆ ಬಿತ್ತು. ಅಂದು ಅವಳಿಗೆ ಊಟ ಸೇರಲಿಲ್ಲ. ಯಾಕೆಂದು ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಎಂಟು ತಿಂಗಳ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ರಮ್ಯ ಸಿಕ್ಕಿದಳು. ಕೆಲಸ, ರೂಮು, ಊಟದ ಸುದ್ದಿಯೆಲ್ಲ ಮುಗಿಸಿ, ತುಸು ನಾಚುತ್ತ ಕೇಳಿದಳು:

"ಕೋಟೆ ಉಳೀತಾ ಮಿಸ್?"

"ಇಲ್ಲ ಕಣಮ್ಮ. ಇಪ್ಪತ್ತಕ್ಕೆ ಬಿದ್ದೋಯ್ತು. ಅಲ್ಲೀಗ ಹತ್ತಿರ ಹತ್ತಿರ ವರ್ಷ ಆಯ್ತು."

ರಮ್ಯಳ ಮುಖ ಸಣ್ಣಗಾಯಿತು. "ನಾವ್ ಬರೋಗಂಟ ಕಾಯ್ಬೋದಿತ್ತಲ್ವಾ ಮಿಸ್? ಓಗ್ಲಿ, ನನ್ ವೈದ್ಯೆ ವರ್ಷವೆಲ್ಲ ಎಲ್ಲಿದ್ಲು?"

ಚಂಪಕ ಮಳೆ, ಬೆಳೆ, ಚಂದ್ರನ ಲೆಕ್ಕವೆಲ್ಲ ಬರೆದಿದ್ದಳು; ಆ ಮೂವರ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ. ಅದನ್ನು ನೀನೇ ಹೇಳಬೇಕು ಎಂದಳು. ಭಾನುವಾರ ಫೋನ್ ಮಾಡಿ ಹೇಳುತ್ತೇನೆಂದು ರಮ್ಯ ಬಸ್ಸು ಹತ್ತಿದಳು.

ಭಾನುವಾರ ಚಂಪಕ ಬೇಗ ಊಟ ಮುಗಿಸಿ ಫೋನಿನ ಪಕ್ಕ ಕೂತಳು. ಐದಾಯಿತು, ಆರಾಯಿತು. ಕೊನೆಗೆ ಮೆಸೇಜು ಬಂತು: ಡ್ಯೂಟಿ ಇದೆ, ಇನ್ನೊಂದು ದಿನ ಮಾಡುತ್ತೇನೆ.

ಅಭ್ಯಾಸಬಲದಿಂದ ಕೈ ಪೆನ್ಸಿಲ್ ಹುಡುಕಿತು. ಹತ್ತು ದಿನ ಮುಂದೆ ಹಾಕಬೇಕು. ವೈದ್ಯೆ ಎಲ್ಲಿದ್ದಳೆಂದು ತಿಳಿಯುವ ಮುನ್ನ ಹೇಗೆ ಹಾಕುವುದು? ಮೊದಲ ಸಲ ದಿನ ಹಾಕದೆ ಪಂಚಾಂಗದ ಪುಸ್ತಕ ಮುಚ್ಚಿದಳು.

ಮರುದಿನ ಸೋಮವಾರ. ಎಂಟನೇ ಕ್ಲಾಸಿಗೆ ಟೆಸ್ಟ್ ಇತ್ತು.